ಅವತ್ತೇ ಯಾಕೆ ಹೇಳಲಿಲ್ಲ ಅನ್ನುವವರಿಗೆ

ಮಗುವಾಗಿದ್ದಾಗ ಆದ ಹಿಂಸೆಯನ್ನು ಐವತ್ತು ಅರವತ್ತು ವಯಸ್ಸಿನಲ್ಲಿ ಬಾಯಿಬಿಟ್ಟು ಹೇಳಿದವರನ್ನು ಲೋಕ ಕೇಳುವುದು ಒಂದೇ ಪ್ರಶ್ನೆ: ‘ಅವತ್ತೇ ಯಾಕೆ ಹೇಳಲಿಲ್ಲ?’ ಕೇಳುವವರು ಪೊಲೀಸರಿರಬಹುದು, ವಕೀಲರಿರಬಹುದು, ಟೀ ಅಂಗಡಿಯಲ್ಲಿ ಪೇಪರು ಹಿಡಿದು ಕೂತವರಿರಬಹುದು. ಈ ಪ್ರಶ್ನೆಯ ಹೊಟ್ಟೆಯೊಳಗೆ ತೀರ್ಪು ಮೊದಲೇ ಕೂತಿರುತ್ತದೆ. ಅವತ್ತು ಹೇಳಲಿಲ್ಲ, ಆದ್ದರಿಂದ ನಡೆದೇ ಇಲ್ಲ; ದುಡ್ಡಿನಾಸೆಗೆ ಈಗ ಕಟ್ಟಿದ ಕಥೆ.

ಐರ್ಲೆಂಡಿನ ಕ್ಯಾಥೊಲಿಕ್ ಶಾಲೆಗಳಲ್ಲಿ ಬೆಳೆದು ಬದುಕುಳಿದವರಿಗೂ ಈ ಪ್ರಶ್ನೆ ತಪ್ಪಲಿಲ್ಲ. ಅವರು ಕೊಟ್ಟ ಉತ್ತರ ನಮಗೆಲ್ಲ ಬೇಕಾದ ಉತ್ತರ. ಅದಕ್ಕೇ ಈ ಬರಹ.

ನಾವು ಹಾಸ್ಟೆಲಿನ ಅನ್ನ ಉಂಡು ಅಕ್ಷರ ಕಲಿತವರು. ನಮ್ಮಲ್ಲಿ ಕೆಲವರು ಈಗ ಹಳ್ಳಿ ಶಾಲೆಗಳಲ್ಲಿ ಮೇಷ್ಟ್ರು, ಕೆಲವರು ಸಂಘಟನೆಯಲ್ಲಿ ಓಡಾಡುವವರು. ಐರ್ಲೆಂಡಿನ ವಿಚಾರಣಾ ಆಯೋಗ 2009ರ ಮೇ 20ರಂದು ಹೊರತಂದ ಐದು ಸಂಪುಟಗಳ ವರದಿಯನ್ನು, ರಯಾನ್ ವರದಿ ಎಂದೇ ಹೆಸರಾದದ್ದನ್ನು, ನಾವು ಒಂದು ಬೇಸಿಗೆ ರಜದಲ್ಲಿ ಪಾಲು ಹಾಕಿಕೊಂಡು ಓದಿದೆವು. ಪಕ್ಕದಲ್ಲಿ ನಿಘಂಟು ಇಟ್ಟುಕೊಂಡು, ಗೊತ್ತಾಗದ ಮಾತನ್ನು ಒಬ್ಬರಿಗೊಬ್ಬರು ಹೇಳಿಕೊಂಡು ಓದಿದೆವು. ಅವರ ಊರು ಬೇರೆ, ಬಣ್ಣ ಬೇರೆ, ದೇವರು ಬೇರೆ. ಆದರೂ ಪುಟ ತಿರುವಿದಂತೆಲ್ಲ ನಮಗೆ ಗೊತ್ತಿದ್ದ ವಾಸನೆಯೇ ಹೊಡೆಯುತ್ತಿತ್ತು. ಉಚ್ಚೆಯಲ್ಲಿ ನೆಂದ ಹಾಸಿಗೆ, ಅದಕ್ಕೆ ಬೀಳುವ ಏಟು, ಅರೆಹೊಟ್ಟೆ, ಬೆಳಗಿನ ಗಂಟೆ. ಓದುತ್ತ ಓದುತ್ತ ನಮ್ಮಲ್ಲೊಬ್ಬ ಎದ್ದು ಹೊರಗೆ ಹೋದ. ಬಹಳ ಹೊತ್ತು ಒಳಗೆ ಬರಲಿಲ್ಲ.

ಅಲ್ಲಿದ್ದವರು ಯಾರ ಮಕ್ಕಳು ಎಂಬುದನ್ನು ಮೊದಲು ತಿಳಿಯಬೇಕು. 1936ರಿಂದ 1970ರವರೆಗೆ ಸಾವಿರಾರು ಮಕ್ಕಳು ಐರ್ಲೆಂಡಿನ ಐವತ್ತರಷ್ಟು ‘ಇಂಡಸ್ಟ್ರಿಯಲ್ ಸ್ಕೂಲು’ಗಳ ಬಾಗಿಲು ದಾಟಿ ಒಳಗೆ ಹೋದರು ಎಂದು ಆ ವರದಿ ಹೇಳುತ್ತದೆ. ಹೆಸರಿಗೆ ಸ್ಕೂಲು. ಮಕ್ಕಳನ್ನು ಅಲ್ಲಿಗೆ ಕಳಿಸುತ್ತಿದ್ದದ್ದು ಕೋರ್ಟು, ಬ್ರಿಟಿಷರ ಕಾಲದ 1908ರ ಕಾಯ್ದೆಯಡಿ. ಮಗು ಮಾಡಿದ ಅಪರಾಧವೇನು? ತಾಯಿ ಸತ್ತಿದ್ದಳು. ಅಪ್ಪನಿಗೆ ಕೂಲಿ ಸಿಕ್ಕಿರಲಿಲ್ಲ. ಅವ್ವ ಮದುವೆಯಾಗದೆ ಹೆತ್ತಿದ್ದಳು. ಬೀದಿಯಲ್ಲಿ ಬೇಡುತ್ತಿತ್ತು. ಸ್ಕೂಲು ತಪ್ಪಿಸುತ್ತಿತ್ತು. ಬಡತನವೇ ಅಪರಾಧ, ಹದಿನಾರು ತುಂಬುವತನಕ ಶಿಕ್ಷೆ. ‘ದೇಶದ ಎಲ್ಲ ಮಕ್ಕಳನ್ನೂ ಸಮಾನವಾಗಿ ಸಲಹುತ್ತೇವೆ’ ಎಂಬ ಅರ್ಥದ ಮಾತನ್ನು 1916ರ ಘೋಷಣೆಯಲ್ಲಿ ಬರೆದುಕೊಂಡಿದ್ದ ನಾಡು ಇದು. ಬ್ರಿಟಿಷರನ್ನು ಹೊರಗೆ ಹಾಕಿದ ನಾಡು. ಬ್ರಿಟಿಷರ ಕಾಯ್ದೆಯನ್ನು ಮಾತ್ರ ಬಡವರ ಮಕ್ಕಳಿಗಾಗಿ ಹಾಗೆಯೇ ಇಟ್ಟುಕೊಂಡಿತು.

ಶಾಲೆ ನಡೆಸುತ್ತಿದ್ದವರು ಕ್ಯಾಥೊಲಿಕ್ ಸಂಘಗಳು. ಗಂಡುಮಕ್ಕಳ ದೊಡ್ಡ ಶಾಲೆಗಳು ಹೆಚ್ಚಾಗಿ ಕ್ರಿಶ್ಚಿಯನ್ ಬ್ರದರ್ಸ್ ಕೈಯಲ್ಲಿ, ಹೆಣ್ಣುಮಕ್ಕಳವು ಹೆಚ್ಚಾಗಿ ಸಿಸ್ಟರ್ಸ್ ಆಫ್ ಮರ್ಸಿ ಕೈಯಲ್ಲಿ. ಸರ್ಕಾರ ತಲೆಗಿಷ್ಟು ಎಂದು ದುಡ್ಡು ಕೊಡುತ್ತಿತ್ತು. ತಲೆ ಹೆಚ್ಚಿದಷ್ಟೂ ಶಾಲೆಗೆ ಆದಾಯ. ಮಕ್ಕಳು ಹೊಲದಲ್ಲಿ ದುಡಿದರು, ಚಪ್ಪಲಿ ಹೊಲಿದರು, ಬಟ್ಟೆ ಒಗೆದರು. ಡಬ್ಲಿನ್ನಿನ ಗೋಲ್ಡನ್‌ಬ್ರಿಜ್‌ನಲ್ಲಿ ಹೆಣ್ಣುಮಕ್ಕಳು ತಂತಿ ಬಗ್ಗಿಸಿ ಜಪಮಾಲೆ ಪೋಣಿಸುತ್ತಿದ್ದರು. ದಿನಕ್ಕೆ ಇಷ್ಟು ಎಂದು ಲೆಕ್ಕ ಇರುತ್ತಿತ್ತು, ಲೆಕ್ಕ ತಪ್ಪಿದರೆ ಏಟು. ಆ ಮಾಲೆ ಹಿಡಿದು ಯಾರೋ ಎಲ್ಲೋ ಪ್ರಾರ್ಥನೆ ಮಾಡುತ್ತಿದ್ದರು.

ಆಯೋಗದ ಗೋಪ್ಯ ಸಮಿತಿಯ ಮುಂದೆ ಕೂತು 1,090 ಜನ ತಮ್ಮ ಬಾಲ್ಯ ಹೇಳಿಕೊಂಡರು. 216 ಶಾಲೆ, ಆಸ್ಪತ್ರೆ, ಅನಾಥಾಲಯಗಳ ಹೆಸರು ಬಂದವು. ಹಿಂಸೆ ಮಾಡಿದವರು ಎಂಟುನೂರಕ್ಕೂ ಹೆಚ್ಚು. ಗಂಡುಮಕ್ಕಳ ಸಂಸ್ಥೆಗಳಲ್ಲಿ ಲೈಂಗಿಕ ದೌರ್ಜನ್ಯ ಎಲ್ಲೋ ಒಂದು ಕಡೆ ನಡೆದ ಸಂಗತಿಯಲ್ಲ, ಮನೆಮಾಡಿಕೊಂಡಿದ್ದ ರೋಗ ಎಂದು ಆಯೋಗ ಬರೆಯಿತು. ಹೊಡೆತ ಇಡೀ ವ್ಯವಸ್ಥೆಯ ಉಸಿರಾಗಿತ್ತು ಎಂದು ಬರೆಯಿತು. ಮೇಲಿನವರಿಗೆ ಗೊತ್ತಾದಾಗ ಅವರು ಮಾಡಿದ್ದು ಆ ಬ್ರದರನ್ನು ಇನ್ನೊಂದು ಶಾಲೆಗೆ ಕಳಿಸಿದ್ದು. ಅಲ್ಲೂ ಮಕ್ಕಳಿದ್ದರು.

ಈಗ ಪ್ರಶ್ನೆಗೆ ಬರೋಣ. ಅವತ್ತೇ ಯಾಕೆ ಹೇಳಲಿಲ್ಲ?

ಹೇಳಿದ್ದರು. ಹೇಳಿದವರ ಕಥೆ ಕೇಳಿ.

ಪೀಟರ್ ಟಿರೆಲ್ ಎಂಬ ಎಂಟು ವರ್ಷದ ಹುಡುಗನನ್ನು 1924ರಲ್ಲಿ ಅವನ ಅಣ್ಣತಮ್ಮಂದಿರ ಜೊತೆ ಪಶ್ಚಿಮ ಐರ್ಲೆಂಡಿನ ಲೆಟರ್‌ಫ್ರಾಕ್ ಶಾಲೆಗೆ ಕಳಿಸಿದರು. ಮನೆಯಲ್ಲಿ ಬಡತನ, ಅಷ್ಟೇ ಕಾರಣ. ಹದಿನಾರಕ್ಕೆ ಹೊರಬಂದ. ದರ್ಜಿಯಾದ. ಮುಂದೆ ಬ್ರಿಟಿಷ್ ಸೈನ್ಯ ಸೇರಿ, ಎರಡನೇ ಮಹಾಯುದ್ಧದಲ್ಲಿ ಜರ್ಮನರಿಗೆ ಸೆರೆಸಿಕ್ಕ. ಆ ಸೆರೆಯ ಶಿಬಿರ ಲೆಟರ್‌ಫ್ರಾಕ್‌ಗಿಂತ ಎಷ್ಟೋ ಮೇಲು ಎಂದು ಆತ ಬರೆದಿದ್ದಾನೆ. 1950ರ ದಶಕದಲ್ಲಿ ಆತ ಪತ್ರ ಬರೆಯಲು ಶುರುಮಾಡಿದ. ಬ್ರದರ್ಸ್ ಸಂಘಕ್ಕೇ ಬರೆದ. ಬರೆದವನನ್ನು ನಂಬಿದವರು ಬೆರಳೆಣಿಕೆ. ಅವರಲ್ಲೊಬ್ಬರು ಓವನ್ ಶೀಹಿ ಸ್ಕೆಫಿಂಗ್ಟನ್ ಎಂಬ ಸೆನೆಟರು. ಶಾಲೆಗಳಲ್ಲಿ ಮಕ್ಕಳನ್ನು ಹೊಡೆಯುವುದರ ವಿರುದ್ಧ ಒಬ್ಬರೇ ಎಂಬಂತೆ ಕೂಗುತ್ತಿದ್ದವರು. ಅವರ ಒತ್ತಾಸೆಯಿಂದ ಟಿರೆಲ್ ತನ್ನ ಬಾಲ್ಯವನ್ನು ಪೂರಾ ಬರೆದುಕೊಟ್ಟ. ಅದು ಅಚ್ಚಾಗಲಿಲ್ಲ. 1967ರ ಏಪ್ರಿಲ್‌ನಲ್ಲಿ ಲಂಡನ್ನಿನ ಹ್ಯಾಂಪ್‌ಸ್ಟೆಡ್ ಬಯಲಿನಲ್ಲಿ ಆತ ಮೈಗೆ ಬೆಂಕಿ ಹಚ್ಚಿಕೊಂಡು ಸತ್ತ. ಹೆಣ ಯಾರದೆಂದು ಸುಮಾರು ಒಂದು ವರ್ಷ ಗೊತ್ತಾಗಲಿಲ್ಲ. ಕೊನೆಗೆ ಗುರುತು ಹೇಳಿದ್ದು ಒಂದು ಪೋಸ್ಟ್‌ಕಾರ್ಡಿನ ಚೂರು. ಅದರಲ್ಲಿ ಉಳಿದಿದ್ದದ್ದು ಸ್ಕೆಫಿಂಗ್ಟನ್ ಹೆಸರು, ಡಬ್ಲಿನ್ ಊರು. ಆತನ ಹಸ್ತಪ್ರತಿ ಸೆನೆಟರ ಕಾಗದಪತ್ರಗಳ ನಡುವೆ ಒಬ್ಬ ಇತಿಹಾಸಕಾರನಿಗೆ ಸಿಕ್ಕಿ ಪುಸ್ತಕವಾದದ್ದು 2006ರಲ್ಲಿ.

ಇವನು ಅವತ್ತೇ ಹೇಳಿದವನು. ಏನಾಯಿತು?

ಕ್ರಿಸ್ಟೀನ್ ಬಕ್ಲಿ ಗೋಲ್ಡನ್‌ಬ್ರಿಜ್‌ನಲ್ಲಿ ಬೆಳೆದ ಹುಡುಗಿ. ಅಪ್ಪ ನೈಜೀರಿಯಾದ ವಿದ್ಯಾರ್ಥಿ, ಅವ್ವ ಡಬ್ಲಿನ್ನಿನವಳು. ಒಳಗಿನ ಕ್ರೌರ್ಯವನ್ನು ಪತ್ರದಲ್ಲಿ ಬರೆದು ಹೊರಗೆ ಸಾಗಿಸಲು ಹೋಗಿ ಸಿಕ್ಕಿಬಿದ್ದೆ, ಆಗ ಬಿದ್ದ ಹೊಡೆತಕ್ಕೆ ಕಾಲಿಗೆ ಹೊಲಿಗೆ ಹಾಕಬೇಕಾಯಿತು ಎಂದು ಆಕೆ ಮುಂದೆ ಹೇಳಿದರು. ಮಗು ಪತ್ರ ಬರೆದಿತ್ತು. ಪತ್ರ ಗೇಟು ದಾಟಲಿಲ್ಲ.

ಗೇಟು ದಾಟದ ಪತ್ರ ಎಂದರೆ ಏನೆಂದು ನಮಗೆ ಗೊತ್ತು. ನಾವಿದ್ದ ಹಾಸ್ಟೆಲಿನಲ್ಲಿ ಊರಿಗೆ ಬರೆಯುವ ಕಾರ್ಡನ್ನು ವಾರ್ಡನ್ ಓದಿಯೇ ಡಬ್ಬಕ್ಕೆ ಹಾಕಿಸುತ್ತಿದ್ದ. ‘ನಾನು ಕ್ಷೇಮ, ನಿಮ್ಮ ಕ್ಷೇಮಕ್ಕೆ ಬರೆಯಿರಿ’ ಎಂಬಷ್ಟು ಬರೆದರೆ ಹೋಗುತ್ತಿತ್ತು. ಆರನೇ ಕ್ಲಾಸಿನ ಒಬ್ಬ ಹುಡುಗ, ವಾರ್ಡನ್ ರಾತ್ರಿ ತನ್ನನ್ನು ರೂಮಿಗೆ ಕರೆಸಿಕೊಂಡು ಏನು ಮಾಡುತ್ತಾನೆಂಬುದನ್ನು ಕಾರ್ಡಿನಲ್ಲಿ ಬರೆಯಲಾರದೆ, ಅಡಿಗೆ ಮಾಡುವ ಅಮ್ಮನ ಹತ್ತಿರ ಬಾಯಲ್ಲಿ ಹೇಳಿದ. ಆಯಮ್ಮ ಸಂತೆಯಲ್ಲಿ ಅವರೂರಿನವರಿಗೆ ಹೇಳಿ ಕಳಿಸಿದಳು. ಒಂದು ದಿನ ಅಪ್ಪ ಬಂದ. ತಲೆಯ ಟವೆಲು ತೆಗೆದು ಕಂಕುಳಲ್ಲಿಟ್ಟುಕೊಂಡು ಆಫೀಸಿನ ಮೆಟ್ಟಿಲ ಕೆಳಗೆ ನಿಂತ. ‘ಬುದ್ಧೀ, ಮಗ ಏನೋ ಅಂತಾನೆ’ ಅಂದ. ಅಷ್ಟಕ್ಕೇ ಒಳಗಿನಿಂದ ಗುಡುಗು: ‘ಬಿಟ್ಟಿ ಅನ್ನ ಹಾಕಿ ಓದ್ಸಿದ್ದಕ್ಕೆ ಇದೇನ್ಲಾ ಮರ್ಯಾದೆ? ಬ್ಯಾಡ ಅಂದ್ರೆ ಈಗ್ಲೇ ಕರ್ಕಂಡು ಹೋಗು.’ ಅಪ್ಪ ಸ್ವಲ್ಪ ಹೊತ್ತು ನಿಂತಿದ್ದು, ‘ನಡೀ ಮಗಾ’ ಅಂದ. ಟ್ರಂಕು ಹೊತ್ತುಕೊಂಡು ಇಬ್ಬರೂ ಹೋದರು. ಅಲ್ಲಿಗೆ ಆ ಹುಡುಗನ ಓದು ಮುಗಿಯಿತು. ವಾರ್ಡನ್ ಮುಂದಿನ ವರ್ಷ ಬೇರೆ ಊರಿನ ಹಾಸ್ಟೆಲಿಗೆ ಹೋದ, ವಾರ್ಡನ್ನಾಗಿಯೇ. ಆ ಹುಡುಗ ಗಾರೆ ಕೆಲಸ ಕಲಿತ. ಈಗಲೂ ಕಂಡರೆ ಪ್ರೀತಿಯಿಂದ ಮಾತಾಡಿಸುತ್ತಾನೆ. ಹಾಸ್ಟೆಲಿನ ಮಾತು ಎತ್ತುವುದಿಲ್ಲ.

ನಮ್ಮ ಆ ಹಾಸ್ಟೆಲಿಗೂ ಚರ್ಚಿಗೂ ಯಾವ ನೆಂಟಸ್ತಿಕೆಯೂ ಇರಲಿಲ್ಲ. ಗೋಡೆಯ ಮೇಲೆ ಗಾಂಧಿ, ಅಂಬೇಡ್ಕರ್ ಪಟಗಳಿದ್ದವು. ಐರ್ಲೆಂಡಿನ ವರದಿ ಓದಿದಾಗ ನಮಗೆ ಹೊಳೆದದ್ದು ಇದು: ಬಡವರ ಮಗು ಬಾಯಿಬಿಟ್ಟರೆ ತೆರಬೇಕಾದ ಬೆಲೆ ಅನ್ನ ಮತ್ತು ಅಕ್ಷರ. ಉಳ್ಳವರ ಮಗು ಒಂದು ಶಾಲೆ ಬಿಟ್ಟರೆ ಇನ್ನೊಂದಕ್ಕೆ ಸೇರುತ್ತದೆ. ನಮ್ಮ ಮಗು ಶಾಲೆ ಬಿಟ್ಟರೆ ಜೀತಕ್ಕೋ ಗಾರೆಗೋ ಸೇರುತ್ತದೆ. ಹೊಡೆಯುವವನ ಕೈಯಲ್ಲೇ ಅನ್ನದ ಸೌಟೂ ಇರುವಾಗ, ಸೌಟಿಗೆ ಹೆದರಿ ಮಗು ಬೆತ್ತವನ್ನು ಸಹಿಸುತ್ತದೆ.

ಹಾಗಾದರೆ ತಂದೆತಾಯಿ ಇದ್ದು, ಮನೆಯಿಂದಲೇ ಶಾಲೆಗೆ ಹೋಗಿ ಬರುವ ಮಕ್ಕಳ ಮಾತಾದರೂ ನಡೆಯಿತೇ? ಇದಕ್ಕೆ ಲೂಯಿಸ್ ಓಕೀಫ್ ಅವರ ಮೊಕದ್ದಮೆ ನೋಡಬೇಕು. ಹಳ್ಳಿ ಮೇಷ್ಟ್ರುಗಳು ಇದನ್ನು ಗಮನವಿಟ್ಟು ಓದಬೇಕು.

ಕಾರ್ಕ್ ಜಿಲ್ಲೆಯ ಡಂಡರೋ ಎಂಬ ಹಳ್ಳಿಯ ಪ್ರಾಥಮಿಕ ಶಾಲೆ. ಮೇಷ್ಟ್ರ ಸಂಬಳ ಸರ್ಕಾರದ್ದು, ಆಡಳಿತ ಚರ್ಚಿನದು. ನಮ್ಮ ಅನುದಾನಿತ ಶಾಲೆಗಳ ಹಾಗೆ ಎಂದರೆ ಅರ್ಥವಾದೀತು. ಇವತ್ತಿಗೂ ಆ ದೇಶದ ಹತ್ತು ಪ್ರಾಥಮಿಕ ಶಾಲೆಗಳಲ್ಲಿ ಸುಮಾರು ಒಂಬತ್ತು ಹೀಗೆಯೇ ನಡೆಯುತ್ತಿವೆ. 1971ರಲ್ಲಿ ಒಬ್ಬ ತಾಯಿಯೋ ತಂದೆಯೋ ಆ ಶಾಲೆಯ ಹೆಡ್‌ಮೇಷ್ಟ್ರ ಮೇಲೆ ಪಾದ್ರಿಗೆ ದೂರು ಹೇಳಿದ್ದರು. ಪಾದ್ರಿ ಪೊಲೀಸರಿಗೆ ಹೇಳಲಿಲ್ಲ, ಇಲಾಖೆಗೂ ಹೇಳಲಿಲ್ಲ. 1973ರಲ್ಲಿ ಅದೇ ಮೇಷ್ಟ್ರು ಎಂಟು ವರ್ಷದ ಲೂಯಿಸ್ ಮೇಲೆ ದೌರ್ಜನ್ಯ ಎಸಗಿದ. ಮತ್ತೆ ದೂರುಗಳೆದ್ದಾಗ ಆತ ರಾಜೀನಾಮೆ ಕೊಟ್ಟು ಇನ್ನೊಂದು ಶಾಲೆ ಸೇರಿ 1995ರವರೆಗೆ ಪಾಠ ಮಾಡಿದ. 1998ರಲ್ಲಿ ಕೋರ್ಟಿನಲ್ಲಿ ತಪ್ಪೊಪ್ಪಿಕೊಂಡು ಜೈಲಿಗೆ ಹೋದ.

ಆಮೇಲೆ ಓಕೀಫ್ ಸರ್ಕಾರದ ಮೇಲೆ ದಾವೆ ಹೂಡಿದರು. ಸರ್ಕಾರ ಅಂದಿತು: ಸಂಬಳ ನಮ್ಮದು ಹೌದು, ಶಾಲೆ ನಮ್ಮದಲ್ಲ. 2008ರಲ್ಲಿ ಅಲ್ಲಿನ ಸುಪ್ರೀಂ ಕೋರ್ಟೂ ಅದನ್ನೇ ಹೇಳಿತು. ಕೋರ್ಟು ಖರ್ಚಿಗೆ ಮನೆ ಹೋಗುತ್ತದೇನೋ ಎಂಬ ಭಯದಲ್ಲೇ ಆಕೆ ಯೂರೋಪಿನ ಮಾನವ ಹಕ್ಕು ನ್ಯಾಯಾಲಯಕ್ಕೆ ಹೋದರು. 2014ರ ಜನವರಿ 28ರಂದು ಹದಿನೇಳು ಜನ ನ್ಯಾಯಾಧೀಶರಲ್ಲಿ ಹನ್ನೊಂದು ಮಂದಿ ಆಕೆಯ ಪರ ನಿಂತರು. ಮಕ್ಕಳನ್ನು ಶಾಲೆಗೆ ಕಳಿಸಲೇಬೇಕು ಎಂದು ಕಾನೂನು ಮಾಡುವ ಸರ್ಕಾರ, ಆ ಶಾಲೆಯನ್ನು ಬೇರೆಯವರ ಕೈಗೆ ಕೊಟ್ಟು ತನ್ನ ಕೈ ತೊಳೆದುಕೊಳ್ಳುವಂತಿಲ್ಲ. ಮಗುವಿನ ದೂರು ಕೇಳಲು ಒಂದು ದಾರಿ ಇಡಬೇಕಾದದ್ದು ಸರ್ಕಾರದ ಕರ್ತವ್ಯ. ತೀರ್ಪಿನ ಸಾರ ಇದು.

ಕಥೆ ಅಲ್ಲಿಗೆ ಮುಗಿಯಲಿಲ್ಲ. ಇಂಥದೇ ನೋವುಂಡ ಉಳಿದವರಿಗೆ ಪರಿಹಾರ ಕೊಡಲು ಸರ್ಕಾರ 2015ರಲ್ಲಿ ಒಂದು ಯೋಜನೆ ತಂದು, ಅದಕ್ಕೊಂದು ಷರತ್ತು ಹಾಕಿತು. ನಿನ್ನ ಮೇಲೆ ದೌರ್ಜನ್ಯ ನಡೆಯುವ ಮುಂಚೆಯೇ ಆ ಮೇಷ್ಟ್ರ ಮೇಲೆ ಬೇರೆ ಯಾರಾದರೂ ದೂರು ಕೊಟ್ಟಿದ್ದರು ಎಂಬುದಕ್ಕೆ ಪುರಾವೆ ತಾ! ಎಂಥ ನ್ಯಾಯ ನೋಡಿ. ನಿನ್ನ ಮಾತಿಗೆ ಬೆಲೆ ಬರಬೇಕಾದರೆ ನಿನಗಿಂತ ಮೊದಲು ಇನ್ನೊಂದು ಮಗು ಕೆಟ್ಟಿರಬೇಕು, ಅದು ಬಾಯಿಬಿಟ್ಟಿರಬೇಕು, ಅದರ ಮಾತನ್ನು ಯಾರೋ ಕಾಗದದಲ್ಲಿ ಬರೆದಿಟ್ಟಿರಬೇಕು. ಮೊದಲು ಕೆಟ್ಟ ಮಗುವಿಗೆ ನ್ಯಾಯವೇ ಇಲ್ಲ. ಈ ಷರತ್ತು ತಪ್ಪು, ತೀರ್ಪಿಗೆ ವಿರುದ್ಧ ಎಂದು ಒಬ್ಬ ನಿವೃತ್ತ ನ್ಯಾಯಾಧೀಶರು 2019ರ ಜುಲೈನಲ್ಲಿ ಹೇಳಿದ ಮೇಲೆ ಪ್ರಧಾನಿ ಪಾರ್ಲಿಮೆಂಟಿನಲ್ಲಿ ಕ್ಷಮೆ ಕೇಳಿದರು.

‘ಅವತ್ತೇ ಯಾಕೆ ಹೇಳಲಿಲ್ಲ’ ಎಂದು ಕೇಳುವ ವ್ಯವಸ್ಥೆ, ಹೇಳಿದವರ ಬಾಯಿಗೆ ಬೀಗ ಹಾಕುವುದನ್ನೂ ಬಲ್ಲದು. 2002ರಲ್ಲಿ ಇಂಡಸ್ಟ್ರಿಯಲ್ ಸ್ಕೂಲುಗಳಲ್ಲಿ ಬೆಳೆದವರಿಗೆ ಪರಿಹಾರ ಕೊಡಲು ಕಾಯ್ದೆ ಮಾಡಿದಾಗ, ದುಡ್ಡು ತೆಗೆದುಕೊಂಡವರು ತಮ್ಮ ಅರ್ಜಿಯ ವಿವರವನ್ನಾಗಲಿ ಪರಿಹಾರದ ವಿವರವನ್ನಾಗಲಿ ಪ್ರಕಟಿಸಿದರೆ ದಂಡ, ಜೈಲು ಎಂದು ಬರೆದರು. ಬಾಲ್ಯದಲ್ಲಿ ಬೆತ್ತದ ಭಯ, ಮುಪ್ಪಿನಲ್ಲಿ ಕಾಯ್ದೆಯ ಭಯ. ಅದೇ ವರ್ಷ ಹದಿನೆಂಟು ಧಾರ್ಮಿಕ ಸಂಘಗಳು 12.8 ಕೋಟಿ ಯೂರೋ ಕೊಡುವುದಾಗಿ ಒಪ್ಪಿ ಮುಂದಿನ ಹೊಣೆಯಿಂದ ಪಾರಾದವು. ಒಟ್ಟು ಖರ್ಚು ಸುಮಾರು 150 ಕೋಟಿ ಯೂರೋ ಮುಟ್ಟಿತು. ಉಳಿದದ್ದನ್ನು ಹೆಚ್ಚಾಗಿ ತೆತ್ತವರು ಜನ. ರಯಾನ್ ವರದಿಯಲ್ಲಿ ಹಿಂಸೆ ಮಾಡಿದವರ ನಿಜ ಹೆಸರು ಬಾರದಂತೆ ಕ್ರಿಶ್ಚಿಯನ್ ಬ್ರದರ್ಸ್ ಕೋರ್ಟಿಗೆ ಹೋದರು. ಹೆಸರಿಲ್ಲದೆಯೇ ವರದಿ ಬಂತು. 2019ರಲ್ಲಿ ಸಾಕ್ಷ್ಯದ ಕಾಗದಗಳನ್ನೆಲ್ಲ 75 ವರ್ಷ ಮುಚ್ಚಿಡುವ ಮಸೂದೆ ತಂದರು. ಬದುಕುಳಿದವರೂ ಇತಿಹಾಸಕಾರರೂ ಎದ್ದು ನಿಂತು ವಿರೋಧಿಸಿದರು, ಮಸೂದೆ ಬಿದ್ದುಹೋಯಿತು.

ಇಷ್ಟೆಲ್ಲ ಬೀಗಗಳಿದ್ದೂ ಮಾತು ಹೊರಬಂದದ್ದು ಹೇಗೆ? ಒಬ್ಬೊಬ್ಬರೇ ಹೇಳುತ್ತಿದ್ದದ್ದು ಒಟ್ಟಾಗಿ ಹೇಳುವಂತಾದಾಗ. ಕ್ರಿಸ್ಟೀನ್ ಬಕ್ಲಿ 1992ರಲ್ಲಿ ರೇಡಿಯೋದಲ್ಲಿ ಮಾತಾಡಿದರು, 1996ರಲ್ಲಿ ಟೀವಿಯ ಸಾಕ್ಷ್ಯಚಿತ್ರವೊಂದರಲ್ಲಿ ಮಾತಾಡಿದರು. ಮನೆಮನೆಯಲ್ಲಿ ಗುಟ್ಟು ಹೊತ್ತು ಕೂತಿದ್ದವರು ‘ಅಯ್ಯೋ, ನನ್ನೊಬ್ಬಳದೇ ಅಲ್ಲವಲ್ಲ’ ಎಂದು ಎದ್ದರು. 1999ರಲ್ಲಿ ಮೇರಿ ರಾಫ್ಟರಿ ಎಂಬ ಪತ್ರಕರ್ತೆ ಮೂರು ಕಂತಿನ ಚಿತ್ರ ಮಾಡಿ, ಸರ್ಕಾರದ ಕಡತಗಳನ್ನೂ ಬದುಕುಳಿದವರ ಮಾತನ್ನೂ ಅಕ್ಕಪಕ್ಕ ಇಟ್ಟು ತೋರಿಸಿದರು. ಕೊನೆಯ ಕಂತು ಬಂದ ಮೇ 11ರಂದೇ ಪ್ರಧಾನಿ ಬರ್ಟಿ ಅಹೆರ್ನ್ ಸರ್ಕಾರದ ಪರವಾಗಿ ಕ್ಷಮೆ ಕೇಳಿದರು. ವರದಿ ಬಂದ ಮೇಲೆ, 2009ರ ಜೂನ್‌ನಲ್ಲಿ, ಸಾವಿರಾರು ಜನ ಬಿಳಿ ರಿಬ್ಬನ್ ಕಟ್ಟಿಕೊಂಡು ಡಬ್ಲಿನ್ನಿನ ಬೀದಿಯಲ್ಲಿ ನಡೆದರು. ನರೆತ ತಲೆಯವರು, ಕೋಲು ಊರಿದವರು. ಯಾವ ಬೀದಿಗಳಲ್ಲಿ ತಲೆ ತಗ್ಗಿಸಿ ಓಡಾಡಿದ್ದರೋ ಅದೇ ಬೀದಿಗಳಲ್ಲಿ.

ಬಡವರು ಹಾಕಿದ ಈ ದಾರಿಯಲ್ಲೇ ಆಮೇಲೆ ಉಳ್ಳವರ ಮಕ್ಕಳೂ ನಡೆದರು. 2022ರ ನವೆಂಬರ್‌ನಲ್ಲಿ ಡಬ್ಲಿನ್ನಿನ ಶ್ರೀಮಂತ ಶಾಲೆ ಬ್ಲ್ಯಾಕ್‌ರಾಕ್ ಕಾಲೇಜಿನಲ್ಲಿ ಓದಿದ್ದ ಇಬ್ಬರು ಅಣ್ಣತಮ್ಮಂದಿರು ರೇಡಿಯೋದಲ್ಲಿ ಮಾತಾಡಿದರು. ಒಂದೇ ಮನೆ, ಒಂದೇ ಶಾಲೆ. ಆದರೂ ಇಬ್ಬರ ಮೇಲೂ ದೌರ್ಜನ್ಯ ನಡೆದಿತ್ತೆಂದು ಎಷ್ಟೋ ವರ್ಷ ಒಬ್ಬನಿಗೆ ಇನ್ನೊಬ್ಬನದು ಗೊತ್ತಿರಲಿಲ್ಲ. ಅವರ ಮಾತು ಕೇಳಿ ನೂರಾರು ಜನ ಎದ್ದರು. 2024ರ ಸೆಪ್ಟೆಂಬರ್‌ನಲ್ಲಿ ಹೊರಬಂದ ಸರ್ಕಾರಿ ವರದಿ ಧಾರ್ಮಿಕ ಸಂಘಗಳು ನಡೆಸಿದ 308 ಶಾಲೆಗಳಲ್ಲಿ 884 ಜನರ ಮೇಲೆ 2,395 ಆಪಾದನೆಗಳನ್ನು ಲೆಕ್ಕ ಹಾಕಿತು. ಆಪಾದಿತರಲ್ಲಿ ಅರ್ಧಕ್ಕೂ ಹೆಚ್ಚು ಜನ ಆಗಲೇ ಮಣ್ಣು ಸೇರಿದ್ದರು. ಕಾದಷ್ಟೂ ಲಾಭ ಯಾರಿಗೆ ಎಂಬುದು ಇದರಿಂದಲೇ ತಿಳಿಯುತ್ತದೆ.

ಇಲ್ಲೊಂದು ಮಾತು ನೇರವಾಗಿ ಹೇಳಬೇಕು. ಇದನ್ನು ಓದಿ ನಮ್ಮೂರಿನಲ್ಲಿ ಕೆಲವರು ಕೈ ಉಜ್ಜಿಕೊಳ್ಳುತ್ತಾರೆ: ‘ನೋಡಿದ್ರಾ, ಪಾದ್ರಿಗಳ ಹಣೇಬರಹ!’ ಕೇರಿಗೆ ಶಾಲೆ ಇಲ್ಲದ ಕಾಲದಲ್ಲಿ, ಊರ ಶಾಲೆಯ ಜಗಲಿಯ ಕೆಳಗೆ ನಮ್ಮ ಅಜ್ಜಂದಿರನ್ನು ಕೂರಿಸಿದ ಕಾಲದಲ್ಲಿ, ಬಾಗಿಲು ತೆರೆದವುಗಳಲ್ಲಿ ಮಿಷನ್ ಶಾಲೆಗಳೂ ಇದ್ದವು. ಆ ಋಣ ನಾವು ಮರೆತಿಲ್ಲ. ಋಣವಿದೆಯೆಂದು ಮಕ್ಕಳ ಮೇಲಿನ ಹಿಂಸೆಯನ್ನು ಮುಚ್ಚಿಡುವವರೂ ನಾವಲ್ಲ. ಐರ್ಲೆಂಡಿನಲ್ಲಿ ಎದ್ದು ನಿಂತವರು ಬಹುಪಾಲು ಅದೇ ಧರ್ಮದಲ್ಲಿ ಹುಟ್ಟಿ ಬೆಳೆದವರು. ಅವರು ಕೇಳಿದ್ದು ಲೆಕ್ಕ, ಹೊಣೆ, ನ್ಯಾಯ. ಅವರ ನೋವನ್ನು ಎತ್ತಿಕೊಂಡು ಇಲ್ಲಿ ಇನ್ನೊಬ್ಬರ ಚರ್ಚಿಗೆ ಕಲ್ಲು ಹೊಡೆಯಲು ಹೊರಟವರಿಗೆ ಒಂದೇ ಪ್ರಶ್ನೆ: ನಿಮ್ಮ ಮಠದ ಹಾಸ್ಟೆಲಿನಲ್ಲಿ, ನಿಮ್ಮ ಆಶ್ರಮದ ಶಾಲೆಯಲ್ಲಿ ಮಗು ಅತ್ತರೆ ಕೇಳುವವರು ಯಾರಿದ್ದಾರೆ? ಕಾವಿಯಾಗಲಿ, ಬಿಳಿ ನಿಲುವಂಗಿಯಾಗಲಿ, ಸರ್ಕಾರಿ ಸಂಬಳದ ಶರಟಾಗಲಿ, ಕಾಲಿಗೆ ಬೀಳಿಸಿಕೊಂಡು ಅಭ್ಯಾಸವಾದವನನ್ನು ಪ್ರಶ್ನಿಸುವವರಿಲ್ಲದ ಕಡೆ ಮಗು ಒಂಟಿ.

ಈಗ ಮೇಷ್ಟ್ರಾಗಿರುವ ಗೆಳೆಯರಿಗೆ, ಮೇಡಮ್ಮುಗಳಿಗೆ. ನಮ್ಮ ಕಾಲದಲ್ಲಿ ಇಲ್ಲದ ಕಾನೂನು ಈಗ ಇದೆ. 2012ರ ಪೋಕ್ಸೋ ಕಾಯ್ದೆಯ ಪ್ರಕಾರ ಮಗುವಿನ ಮೇಲೆ ಲೈಂಗಿಕ ದೌರ್ಜನ್ಯ ನಡೆದದ್ದು ಗೊತ್ತಾದರೆ ಪೊಲೀಸರಿಗೆ ತಿಳಿಸಲೇಬೇಕು. ತಿಳಿಸದವನಿಗೂ ಶಿಕ್ಷೆ ಇದೆ, ಸಂಸ್ಥೆಯ ಮುಖ್ಯಸ್ಥನಾದರೆ ಇನ್ನೂ ಹೆಚ್ಚು. ಡಂಡರೋದ ಪಾದ್ರಿ 1971ರಲ್ಲಿ ಮಾಡಿದ್ದನ್ನು ಇವತ್ತು ನಮ್ಮಲ್ಲಿ ಹೆಡ್‌ಮೇಷ್ಟ್ರು ಮಾಡಿದರೆ ಅದು ಅಪರಾಧ. 1098 ನಂಬರನ್ನು ಗೋಡೆಗೆ ಬರೆಸಿದ್ದೇವೆ, ಸರಿ. ಹಾಸ್ಟೆಲಿನ ಮಗುವಿನ ಕೈಗೆ ಫೋನು ಕೊಡುವವರು ಯಾರು, ವಾರ್ಡನ್ ಪಕ್ಕದಲ್ಲಿ ನಿಲ್ಲದ ಹಾಗೆ ನೋಡಿಕೊಳ್ಳುವವರು ಯಾರು ಎಂಬುದನ್ನೂ ಗೊತ್ತುಮಾಡಬೇಕು. ಸಂಘಟನೆಯವರು ತಿಂಗಳಿಗೊಮ್ಮೆ ಹಾಸ್ಟೆಲಿಗೆ ಹೋಗಿ ಅನ್ನ, ಸಾರು ರುಚಿ ನೋಡುವುದರ ಜೊತೆಗೆ ಮಕ್ಕಳ ಹತ್ತಿರ ಒಂಟಿಯಾಗಿ ಕೂತು ಮಾತಾಡಬೇಕು.

ಮಗು ನೆಟ್ಟಗೆ ಹೇಳುವುದಿಲ್ಲ. ಹೊಟ್ಟೆನೋವು ಅನ್ನುತ್ತದೆ. ಊರಿಗೆ ಹೋಗ್ತೀನಿ ಅನ್ನುತ್ತದೆ. ರಾತ್ರಿ ಹಾಸಿಗೆ ಒದ್ದೆ ಮಾಡುತ್ತದೆ. ‘ಆ ಸಾರ್ ಬೇಡ’ ಅನ್ನುತ್ತದೆ. ಅದು ಹೇಳುವುದೇ ಹಾಗೆ. ಅವತ್ತು ಹೇಳಿತು ಎಂದು ಲೆಕ್ಕಕ್ಕೆ ಬರೆದುಕೊಳ್ಳಿ, ತಾರೀಖು ಹಾಕಿ, ನಿಮ್ಮ ರುಜು ಹಾಕಿ. ಮಗುವನ್ನು ಮಾತ್ರ ಶಾಲೆಯಿಂದ ಹೊರಗೆ ಕಳಿಸಬೇಡಿ. ಹೊರಗೆ ಹೋಗಬೇಕಾದವನು ಬೇರೆ ಇದ್ದಾನೆ.